ಎರಡೂ ಮನೆಗೆ ‘ಸ್ಪೀಕರ್’ ಇದ್ದರೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಅಮೆರಿಕದ ವರ್ಜೀನಿಯಾ ರಾಜ್ಯದ ಮೊದಲ ಶಾಸಕಾಂಗದ ಬಗ್ಗೆ ಒಂದು ಸಣ್ಣ ಬರಹ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಗಾಡಿ ನಿಂತುಬಿಟ್ಟಿದೆ.

1776ರ ಸಂವಿಧಾನದಂತೆ ಅಲ್ಲಿ ಎರಡು ಸದನ. ಕೆಳಮನೆ ‘ಹೌಸ್ ಆಫ್ ಡೆಲಿಗೇಟ್ಸ್’. ಪ್ರತಿ ಕೌಂಟಿಯಿಂದ (ನಮ್ಮ ಜಿಲ್ಲೆಯ ಹಾಗೆ) ಇಬ್ಬರು, ವಿಲಿಯಮ್ಸ್‌ಬರ್ಗ್ ಮತ್ತು ನಾರ್ಫೋಕ್ ಪಟ್ಟಣಗಳಿಂದ ಒಬ್ಬೊಬ್ಬರು. ಮೇಲ್ಮನೆ ಸೆನೆಟ್, 24 ಜನ. ಕೆಳಮನೆಯ ಮೊದಲ ಸ್ಪೀಕರ್ ಎಡ್ಮಂಡ್ ಪೆಂಡಲ್ಟನ್. ಸೆನೆಟ್ಟಿಗೆ ಆರ್ಚಿಬಾಲ್ಡ್ ಕ್ಯಾರಿ. ತಮಾಷೆ ಅಂದರೆ ಅವರೂ ಸ್ಪೀಕರ್ರೇ!

ನಮ್ಮಲ್ಲಿ ವಿಧಾನಸಭೆಗೆ ಸಭಾಧ್ಯಕ್ಷರು, ಪರಿಷತ್ತಿಗೆ ಸಭಾಪತಿ. ಪದ ಕಿವಿಗೆ ಬಿದ್ದ ಕೂಡಲೇ ಯಾವ ಮನೆ ಅಂತ ಗೊತ್ತಾಗುತ್ತದೆ. ಪೆಂಡಲ್ಟನ್ ಸಭಾಧ್ಯಕ್ಷ, ಕ್ಯಾರಿ ಸಭಾಪತಿ ಅಂತ ಬರೆದರೆ ಮಕ್ಕಳಿಗೆ ಸಲೀಸು. ಆದರೆ ಅಲ್ಲಿ ಇಲ್ಲದ ಭೇದವನ್ನು ನಾನೇ ತಂದಿಟ್ಟ ಹಾಗಾಗುತ್ತದೆ, ಅಲ್ವಾ? ಪ್ರತಿ ಸದನವೂ ತನ್ನ ಸ್ಪೀಕರನ್ನು ತಾನೇ ಆರಿಸಿಕೊಳ್ಳಬೇಕು ಅಂತ ಆ ಸಂವಿಧಾನ ಒಂದೇ ಉಸಿರಿನಲ್ಲಿ ಹೇಳಿದೆ. ಸುಮ್ನೆ ‘ಸ್ಪೀಕರ್’ ಅಂತಲೇ ಇಡೋಣ ಅಂದರೆ, ಮನೆಯಲ್ಲಿ ಮಗಳಿಗೆ ಓದಿ ಹೇಳಿದಾಗ ಅವಳು ಟೀವಿ ಪಕ್ಕದ ಡಬ್ಬದ ಕಡೆ ನೋಡಿದಳು. ಸಭೆಯ ಪರವಾಗಿ ದೊರೆಯ ಮುಂದೆ ಮಾತಾಡುವವನು ಅನ್ನುವ ಹಳೆಯ ಅರ್ಥ ಆ ಪದದಿಂದ ಯಾರಿಗೂ ಹೊಳೆಯುವುದಿಲ್ಲ. ಸದ್ಯಕ್ಕೆ ಇಬ್ಬರಿಗೂ ‘ಸಭಾಧ್ಯಕ್ಷ’ ಅಂತ ಹಾಕಿ, ಜೊತೆಗೆ ‘ಕೆಳಮನೆಯ’, ‘ಸೆನೆಟ್ಟಿನ’ ಅಂತ ಸೇರಿಸಿದ್ದೇನೆ. ಸ್ವಲ್ಪ ಉದ್ದವಾಯಿತು, ಆದರೆ ಸುಳ್ಳಿಲ್ಲ.

ಇನ್ನೊಂದು. ‘ಹೌಸ್ ಆಫ್ ಡೆಲಿಗೇಟ್ಸ್’ಗೆ ಗೆಳೆಯರೊಬ್ಬರು ‘ಪ್ರಜಾಪ್ರತಿನಿಧಿ ಸಭೆ’ ಅನ್ನಿ ಅಂದರು. ಕೇಳೋಕೆ ಚೆಂದ, ಬಿಡಿ. ಆದರೆ ಆ ಹೆಸರು ಹೇಳಿದರೆ ನಮ್ಮ ಕಣ್ಣಿಗೆ ಬರುವುದು 1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ ಮೈಸೂರಿನ ಸಭೆ. ಅಲ್ಲಿ ಅಧ್ಯಕ್ಷತೆ ದಿವಾನರದ್ದು. ಸದಸ್ಯರು ಅಹವಾಲು ಹೇಳಬಹುದಿತ್ತು, ಕಾನೂನು ಮಾಡುವ ಅಧಿಕಾರ ಇರಲಿಲ್ಲ. ವರ್ಜೀನಿಯಾದಲ್ಲಿ ಪೂರಾ ಉಲ್ಟಾ. ಪ್ರತಿ ಕಾನೂನೂ ಕೆಳಮನೆಯಲ್ಲೇ ಹುಟ್ಟಬೇಕು. ಹಣಕಾಸಿನ ಮಸೂದೆಯಾದರೆ ಸೆನೆಟ್ ಒಂದಕ್ಷರ ತಿದ್ದುವ ಹಾಗಿಲ್ಲ, ಒಪ್ಪಬೇಕು, ಇಲ್ಲಾ ತಳ್ಳಬೇಕು. ಗವರ್ನರ್ ಪ್ಯಾಟ್ರಿಕ್ ಹೆನ್ರಿಗೂ ಮಸೂದೆ ತಡೆಯುವ ಅಧಿಕಾರ ಇರಲಿಲ್ಲ. ಅವರನ್ನು ವರ್ಷ ವರ್ಷ ಆರಿಸುತ್ತಿದ್ದದ್ದೂ ಇದೇ ಎರಡು ಸದನಗಳು. ಇಷ್ಟು ಜೋರಿನ ಮನೆಗೆ ಅಹವಾಲು ಸಭೆಯ ಹೆಸರು ಒಗ್ಗುವುದಿಲ್ಲ ಅಂತ ನನ್ನ ಅನಿಸಿಕೆ. ‘ಪ್ರತಿನಿಧಿಗಳ ಸದನ’ ಸಾಕಾ? ಅದನ್ನು ಈಗಾಗಲೇ ವಾಷಿಂಗ್ಟನ್ನಿನ ಕಾಂಗ್ರೆಸ್ಸಿನ ಕೆಳಮನೆಗೆ ಬಳಸುತ್ತಾರೆ, ಅದೊಂದು ತೊಡಕು.

ಪತ್ರಿಕೆಯಲ್ಲಿ, ಅನುವಾದದಲ್ಲಿ ಕೆಲಸ ಮಾಡಿದವರು ನೀವೇನು ಬಳಸಿದ್ದೀರಿ ಹೇಳಿ. ಮ್ಯಾಸಚೂಸೆಟ್ಸ್‌ನವರು ತಮ್ಮ ಶಾಸಕಾಂಗವನ್ನೇ ‘ಜನರಲ್ ಕೋರ್ಟ್’ ಅನ್ನುತ್ತಾರೆ. ಅದರ ತಂಟೆಗೆ ಮುಂದಿನ ವಾರ ಹೋಗುತ್ತೇನೆ.