ಪಾರ್ಕ್ ಹಿಂದಿನ ಖಾಲಿ ಸೈಟು: ಡಿಸಿ ಅವರಿಗೆ ಕೊಡುವ ಅರ್ಜಿಯಲ್ಲಿ ಏನು ಕೇಳೋಣ?

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ನಿನ್ನೆ ಬೆಳಿಗ್ಗೆ ಪಾರ್ಕ್ ಹಿಂದಿನ ಸೈಟಿನಲ್ಲಿ ಮತ್ತೆ ಅಮಲಿಗೆ ಮೂಸುವ ವೈಟ್ನರ್ ಬಾಟಲಿ, ಬಟ್ಟೆ ತುಂಡು, ಮಾತ್ರೆಯ ಖಾಲಿ ಶೀಟು ಸಿಕ್ಕಿವೆ. ಕಸ ಗುಡಿಸುವ ಅಕ್ಕ ಕರೆದು ತೋರಿಸಿದರು. ಸೋಮವಾರ ಡಿಸಿ ಕಚೇರಿಗೆ ಹೋಗೋಣ. ಯಾವುದಕ್ಕೆ ಅನುದಾನ ಕೇಳಬೇಕು, ಇಲ್ಲೇ ಹೇಳಿ.

ಕಿರಾಣಿ ಅಂಗಡಿ, 2ನೇ ಕ್ರಾಸ್:
ಕ್ಯಾಮೆರಾ. ನಾಲ್ಕು ಮೂಲೆಗೂ ಹಾಕಿಸಬೇಕು. ರಾತ್ರಿ ಪೊಲೀಸ್ ಬೀಟ್ ಎರಡು ಸಲ ಬರಲಿ. ನಾಲ್ಕು ಜನರನ್ನು ಹಿಡಿದು ಒಳಗೆ ಹಾಕಿದರೆ ಉಳಿದವರು ಹೆದರುತ್ತಾರೆ.

4ನೇ ಕ್ರಾಸ್ ಅಕ್ಕ:
ಯಾರನ್ನು ಹಿಡಿಯುವುದು ಅಣ್ಣಾ? ನಾನು ನೋಡಿದವರಲ್ಲಿ ಒಬ್ಬ ಎಂಟನೇ ಕ್ಲಾಸಿನ ಹುಡುಗ. ಅವರಮ್ಮ ಜೀನ್ಸ್ ಹೊಲಿಯೋಕೆ ಬೆಳಿಗ್ಗೆ ಹೋದರೆ ರಾತ್ರಿಯೇ ಬರುವುದು. ಆ ಹುಡುಗನ ಕಣ್ಣು ನೋಡಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ.

ನಿವೃತ್ತ ಮೇಷ್ಟ್ರು:
ಅಕ್ಕ ಹೇಳಿದ್ದು ಸರಿ. 2019ರಲ್ಲಿ ದೆಹಲಿಯ ಏಮ್ಸ್‌ನವರು ಮಾಡಿದ ದೇಶದ ಸಮೀಕ್ಷೆ ಬಂತು. ಬೇರೆ ಎಲ್ಲ ಅಮಲಿನಲ್ಲೂ ದೊಡ್ಡವರೇ ಜಾಸ್ತಿ. ಮೂಸುವ ಅಮಲು ಒಂದರಲ್ಲಿ ಮಾತ್ರ ಮಕ್ಕಳು ಮುಂದೆ. ದೊಡ್ಡವರಲ್ಲಿ ನೂರಕ್ಕೆ 0.58, ಹತ್ತರಿಂದ ಹದಿನೇಳು ವರ್ಷದವರಲ್ಲಿ 1.17. ಇನ್ನೊಂದು ಮಾತು, ವೈಟ್ನರ್ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೇ ಇಲ್ಲ. ಕ್ಯಾಮೆರಾದಲ್ಲಿ ಮುಖ ಕಂಡರೂ ಪೊಲೀಸರು ಆ ಹುಡುಗನನ್ನು ಏನು ಮಾಡಬೇಕು?

ಸರ್ಕಾರದ ದುಡ್ಡು ಎರಡು ಕಡೆಯಿಂದ ಬರುತ್ತದೆ. ಮಾಲು ಹಿಡಿಯುವ ಕೆಲಸಕ್ಕೆ ಗೃಹ ಇಲಾಖೆ. ಚಟ ಬಿಡಿಸುವ ಕೆಲಸಕ್ಕೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ. ಅದರ ರಾಷ್ಟ್ರೀಯ ಯೋಜನೆ 2018ರಲ್ಲಿ ಶುರುವಾಯಿತು. 2020ರ ಆಗಸ್ಟ್ 15ಕ್ಕೆ ನಶಾ ಮುಕ್ತ ಭಾರತ ಅಭಿಯಾನ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸಾ ಘಟಕ, ಮಕ್ಕಳ ಜೊತೆ ಅವರ ವಯಸ್ಸಿನವರೇ ಕೂತು ಮಾತಾಡುವ ಕಾರ್ಯಕ್ರಮ, ಎಲ್ಲಕ್ಕೂ ಅದರಲ್ಲಿ ಅವಕಾಶ ಇದೆ. ನಾವು ಮೊದಲು ಕೇಳಬೇಕಾದದ್ದು ಇದನ್ನು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮನೋರೋಗದ ಚಿಕಿತ್ಸೆಯನ್ನು ಹಳ್ಳಿ ಆಸ್ಪತ್ರೆಗಳಿಗೆ ತಂದು ನೋಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಆ ಮಾದರಿ ಇಟ್ಟುಕೊಂಡು 1996ರಲ್ಲಿ ದೇಶಕ್ಕೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇಂಥ ಜಿಲ್ಲೆಯವರು ಬರೀ ಕ್ಯಾಮೆರಾ ಕೇಳಿ ವಾಪಸ್ ಬರಬಾರದು.

ಮೆಡಿಕಲ್ ಶಾಪ್:
ಮಾತ್ರೆಯ ವಿಷಯ ನಾನು ಹೇಳುತ್ತೇನೆ. ನೋವಿನ ಮಾತ್ರೆ ಟ್ರಮಡಾಲ್, ಆತಂಕದ ಮಾತ್ರೆ ಅಲ್ಪ್ರಜೋಲಮ್ ಎಲ್ಲ ಎಚ್1 ಪಟ್ಟಿಯವು. ಡಾಕ್ಟರ್ ಚೀಟಿ ಇಲ್ಲದೆ ಕೊಡುವಂತಿಲ್ಲ. ರೋಗಿ ಹೆಸರು, ಡಾಕ್ಟರ್ ಹೆಸರು, ಎಷ್ಟು ಕೊಟ್ಟೆವು ಅಂತ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. ಡ್ರಗ್ ಇನ್‌ಸ್ಪೆಕ್ಟರ್ ಬಂದು ಆ ರಿಜಿಸ್ಟರ್ ನೋಡಲಿ ಅಂತ ಬರೆಯಿರಿ. ಇದಕ್ಕೆ ಅನುದಾನ ಬೇಕಿಲ್ಲ. ಮೊದಲು ನನ್ನ ಅಂಗಡಿಗೇ ಬರಲಿ.

1ನೇ ಕ್ರಾಸ್ ಅಮ್ಮ:
ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನನ್ನ ಮಗನಿಗೆ ಹತ್ತೊಂಬತ್ತು. ಗಾಂಜಾ ಚಟ. ಬೇರೆ ಊರಿನ ಒಂದು ಖಾಸಗಿ ಕೇಂದ್ರದಲ್ಲಿ ಮೂರು ತಿಂಗಳು ಇಟ್ಟೆವು. ಬಳೆ ಅಡ ಇಟ್ಟು ದುಡ್ಡು ಕಟ್ಟಿದ್ದು. ಮನೆಗೆ ಬಂದ ಮೇಲೆ ಅಲ್ಲಿಂದ ಒಂದು ಫೋನೂ ಇಲ್ಲ. ಎರಡು ತಿಂಗಳಿಗೆ ಮತ್ತೆ ಶುರುವಾಯಿತು. ಸರ್ಕಾರಿ ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಭಯ.

ವಕೀಲರು, 3ನೇ ಕ್ರಾಸ್:
ಅಮ್ಮಾ, ಚಿಕಿತ್ಸೆಗೆ ಹೋದರು ಅಂತ ಕೇಸ್ ಹಾಕುವುದಿಲ್ಲ. ಅಷ್ಟೇ ಅಲ್ಲ, ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸ್ ಇದ್ದರೂ, ಚಟಕ್ಕೆ ಬಿದ್ದವರು ತಾವಾಗಿ ಸರ್ಕಾರ ಒಪ್ಪಿದ ಆಸ್ಪತ್ರೆಗೆ ಸೇರಿದರೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಡಬಾರದು ಅಷ್ಟೇ. ಮೊದಲು 14446ಕ್ಕೆ ಫೋನ್ ಮಾಡಿ. ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ. ಮಾರುವವರನ್ನು ಬಿಡಬೇಕು ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಕೈಗೆ ಮಾದಕ ವಸ್ತು ಕೊಟ್ಟರೆ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಇದೆ. ಪೊಲೀಸರಿಗೆ ಆ ಕೆಲಸ ಕೇಳೋಣ.

ಕಿರಾಣಿ ಅಂಗಡಿ, 2ನೇ ಕ್ರಾಸ್:
ಅಮ್ಮಾ, ನಿಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ಒಳಗೆ ಹಾಕಿ ಅಂದ ಮಾತು ವಾಪಸ್ ತಗೊಳ್ಳುತ್ತೇನೆ. ಆದರೆ ಸೈಟಿನಲ್ಲಿ ಲೈಟ್ ಬೇಕೇ ಬೇಕು. ಸಂಜೆ ಆರಕ್ಕೇ ಕತ್ತಲೆ. ಹೆಣ್ಣುಮಕ್ಕಳು ಟ್ಯೂಷನ್‌ನಿಂದ ಬರುವ ದಾರಿ ಅದು.

ನಿವೃತ್ತ ಮೇಷ್ಟ್ರು:
ಖಂಡಿತ ಬೇಕು. ಲೈಟು, ಒಂದು ವಾಲಿಬಾಲ್ ಕಂಬ, ಸಂಜೆ ಹೊತ್ತು ಯಾರಾದರೂ ದೊಡ್ಡವರು. ಗಣಿಯವರು ಕಟ್ಟುವ ದುಡ್ಡಿನ ಜಿಲ್ಲಾ ಖನಿಜ ನಿಧಿಯಿಂದ ಆಗುತ್ತದಾ ಅಂತ ಡಿಸಿ ಅವರನ್ನೇ ಕೇಳೋಣ. ಗಣಿ ಧೂಳು ಕುಡಿದ ಜಿಲ್ಲೆ ನಮ್ಮದು. ಆರೋಗ್ಯ, ಶಿಕ್ಷಣ, ಮಕ್ಕಳ ಕ್ಷೇಮ ಆ ನಿಧಿಯ ಮೊದಲ ಸಾಲಿನಲ್ಲಿವೆ. ಜಿಲ್ಲೆಯ ಮಾದಕ ವಸ್ತು ತಡೆ ಸಮಿತಿಗೂ ಡಿಸಿ ಅವರೇ ಅಧ್ಯಕ್ಷರು. ಎಲ್ಲ ಒಂದೇ ಅರ್ಜಿಯಲ್ಲಿ ಇರಲಿ.

ಸಂಘದ ಕಾರ್ಯದರ್ಶಿ:
ಹಾಗಾದರೆ ಮೊದಲು ಚಿಕಿತ್ಸಾ ಘಟಕ, ಮನೆಗೆ ಬಂದ ಮೇಲೂ ಆರು ತಿಂಗಳು ವಿಚಾರಿಸುವ ವ್ಯವಸ್ಥೆ. ಆಮೇಲೆ ಲೈಟು, ಆಟದ ಜಾಗ. ರಿಜಿಸ್ಟರ್ ತಪಾಸಣೆ, ಮಾರುವವರ ಮೇಲೆ ಕ್ರಮ. ಕ್ಯಾಮೆರಾ ಕೊನೆಗೆ. ವಕೀಲರು ಇವತ್ತು ರಾತ್ರಿ ಬರೆದು ಕೊಡುತ್ತಾರೆ. ಯಾವ ಮನೆಯ, ಯಾವ ಹುಡುಗನ ಹೆಸರೂ ಅರ್ಜಿಯಲ್ಲಿ ಬರುವುದಿಲ್ಲ. ಗುಂಪಿನ ಮಾತನ್ನು ಯಾರೂ ಹೊರಗೆ ಕಳಿಸಬೇಡಿ.

1ನೇ ಕ್ರಾಸ್ ಅಮ್ಮ:
14446ಕ್ಕೆ ಮಾಡಿದೆ. ಮಾತಾಡಿದರು. ನಾಳೆ ಆಸ್ಪತ್ರೆಗೆ ಹೋಗಬೇಕು. ಯಾರಾದರೂ ಜೊತೆಗೆ ಬರುತ್ತೀರಾ?

4ನೇ ಕ್ರಾಸ್ ಅಕ್ಕ:
ನಾನು ಬರುತ್ತೇನೆ. ಒಂಬತ್ತಕ್ಕೆ ನಿಮ್ಮ ಮನೆ ಹತ್ತಿರ ಇರುತ್ತೇನೆ.

ಕಿರಾಣಿ ಅಂಗಡಿ, 2ನೇ ಕ್ರಾಸ್:
ಆಟೋ ನಾನು ಹೇಳುತ್ತೇನೆ. ಸಹಿ ಹಾಳೆ ನಮ್ಮ ಅಂಗಡಿಯಲ್ಲೇ ಇರುತ್ತದೆ. ಭಾನುವಾರ ರಾತ್ರಿ ಒಂಬತ್ತರ ಒಳಗೆ ಎಲ್ಲರೂ ಬಂದು ಹಾಕಿ.