ರಿಯಾಯಿತಿ ಕಳೆದ ಮೇಲೆ ಮೂಲ ಬೆಲೆ ಕಂಡುಹಿಡಿಯುವುದು ಹೇಗೆ? ಸಹಾಯ ಬೇಕು

ನಮಸ್ಕಾರ. ಏಳನೇ ತರಗತಿಯ ಮಗಳಿಗೆ ಶೇಕಡಾ ಲೆಕ್ಕ ಹೇಳಿಕೊಡುತ್ತಿದ್ದೇನೆ. ಚಿಕ್ಕಪೇಟೆಯಲ್ಲಿ ಕೊಂಡ ಸೀರೆಯನ್ನೇ ಮುಂದಿಟ್ಟುಕೊಂಡು ಕುಳಿತೆವು. ಶೇ. 20 ರಿಯಾಯಿತಿ ಕಳೆದು ಕೊಟ್ಟದ್ದು 1,840 ರೂಪಾಯಿ. ಮೂಲ ಬೆಲೆ ಎಷ್ಟು? ಅವಳು 1,840ರ ಶೇ. 20, ಅಂದರೆ 368 ಕೂಡಿಸಿ 2,208 ಎಂದಳು. ನನಗೂ ಸರಿಯೆನಿಸಿತು. ಆದರೆ ಸೆರಗಿಗೆ ಪಿನ್ ಹಾಕಿದ್ದ ಚೀಟಿಯಲ್ಲಿ 2,300 ಎಂದಿದೆ! 2,208ರಲ್ಲಿ ಶೇ. 20 ಕಳೆದು ನೋಡಿದೆ, 1,766 ರೂಪಾಯಿ 40 ಪೈಸೆ ಬಂತು. 1,840ನ್ನು 80ರಿಂದ ಭಾಗಿಸಿ 100ರಿಂದ ಗುಣಿಸಿದರೆ ಮಾತ್ರ 2,300 ಸಿಗುತ್ತದೆ.

"ಕಳೆದದ್ದು 20, ಕೂಡಿಸುವುದೂ 20 ತಾನೇ ಅಮ್ಮಾ?" ಎಂದು ಪೆನ್ಸಿಲ್ ಕಚ್ಚಿಕೊಂಡು ಕೇಳುತ್ತಾಳೆ. ಉತ್ತರ ತೋಚುತ್ತಿಲ್ಲ, ನಾಡಿದ್ದು ಪರೀಕ್ಷೆ. ಅದೇ ಶೇ. 20ನ್ನು ಮತ್ತೆ ಕೂಡಿಸಿದರೆ ಮೂಲ ಬೆಲೆ ಏಕೆ ಬರುವುದಿಲ್ಲ ಎಂಬುದನ್ನು ಸೂತ್ರವಿಲ್ಲದೆ ಮಗುವಿಗೆ ಹೇಗೆ ವಿವರಿಸಲಿ?