ಹೊರದೇಶದ ವ್ಯಾಪಾರ ಸರ್ವಾಧಿಕಾರಿಯನ್ನು ಬೀಳಿಸುತ್ತದಾ, ಉಳಿಸುತ್ತದಾ?

ಜ್ಞಾನಭಾರತಿ ಹುಡುಗ:
ರಾಜ್ಯಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಜಾಗತೀಕರಣ ಮತ್ತು ಜನರ ದಂಗೆ ಬಗ್ಗೆ ಸೆಮಿನಾರ್ ಕೊಡಬೇಕು. ಎಲ್ಲಿ ನೋಡಿದರೂ 2011ರ ಈಜಿಪ್ಟ್, ಫೇಸ್‌ಬುಕ್ ಅಂತಲೇ ಇದೆ. ಆದರೆ ಅಲ್ಲಿನ ಅಧ್ಯಕ್ಷ ಮುಬಾರಕ್ ಸರ್ಕಾರ ಜನವರಿ ಕೊನೆಯಲ್ಲಿ ಇಂಟರ್ನೆಟ್ ನಿಲ್ಲಿಸಿದ ಮೇಲೂ ರಾಜಧಾನಿ ಕೈರೋದ ತಹ್ರೀರ್ ಚೌಕದಲ್ಲಿ ಜನ ಜಾಸ್ತಿಯೇ ಆದರು. ಹಾಗಾದರೆ ಫೋನ್ ಬಿಟ್ಟು ಬೇರೆ ಏನು ಕೆಲಸ ಮಾಡುತ್ತದೆ?

ಪೀಣ್ಯ ಅಕ್ಕ:
ನಾನು ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಮರ್ಚಂಡೈಸರ್, ಅಂದರೆ ಹೊರದೇಶದ ಬಯರ್‌ಗಳ ಆರ್ಡರ್ ನೋಡಿಕೊಳ್ಳುವವಳು. 2024ರ ಬಾಂಗ್ಲಾದೇಶ ನೋಡಿ. ಅಲ್ಲಿನ ರಫ್ತು ಆದಾಯದಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಸಿದ್ಧ ಉಡುಪಿನದು. ಸರ್ಕಾರಿ ಕೆಲಸದ ಮೀಸಲಾತಿ ವಿಷಯಕ್ಕೆ ವಿದ್ಯಾರ್ಥಿಗಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಜುಲೈ 18ಕ್ಕೆ ಇಂಟರ್ನೆಟ್ ಬಂದ್, ಹಿಂದೆಯೇ ಕರ್ಫ್ಯೂ.

ನಮ್ಮ ಲೈನಿನಲ್ಲಿ ಮೇಲ್ ನಿಂತರೆ ಎಲ್ಲ ನಿಂತ ಹಾಗೆ. ಬಯರ್ ಸ್ಯಾಂಪಲ್ ಓಕೆ ಮಾಡಬೇಕು, ಶಿಪ್ಪಿಂಗ್ ಕಾಗದ ಹೋಗಬೇಕು. ಚಿತ್ತಗಾಂಗ್ ಬಂದರಿನ ಕಸ್ಟಮ್ಸ್ ಕೆಲಸವೂ ಆನ್‌ಲೈನೇ, ಅದೂ ನಿಂತಿತು. ಹುಡುಗರ ಬಾಯಿ ಮುಚ್ಚಿಸಲು ಹೋಗಿ ಸರ್ಕಾರ ತನ್ನ ಡಾಲರ್ ದಾರಿಯನ್ನೇ ಮುಚ್ಚಿಕೊಂಡಿತು.

ಹೊರಗೆ ದುಡಿಯುವವರೂ ಸುಮ್ಮನಿರಲಿಲ್ಲ. ಬ್ಯಾಂಕ್ ಮೂಲಕ ಊರಿಗೆ ದುಡ್ಡು ಕಳಿಸಬೇಡಿ ಅನ್ನುವ ಕರೆ ಹಬ್ಬಿತು. ಯುಎಇಯಲ್ಲಿ ಬೀದಿಗಿಳಿದ 57 ಬಾಂಗ್ಲಾದೇಶಿಗಳಿಗೆ ಜೈಲು ಶಿಕ್ಷೆಯಾಯಿತು, ಅವರಲ್ಲಿ ಮೂವರಿಗೆ ಜೀವಾವಧಿ! ಸೆಪ್ಟೆಂಬರ್‌ನಲ್ಲಿ ಕ್ಷಮಾದಾನ ಸಿಕ್ಕಿತು, ಸದ್ಯ. ಅಷ್ಟರಲ್ಲಿ ಆಗಸ್ಟ್ 5ಕ್ಕೆ ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟಿದ್ದರು.

ಆದರೆ ಪ್ರಾಣ ಕೊಟ್ಟವರು ಬೀದಿಯಲ್ಲಿದ್ದ ಆ ಮಕ್ಕಳು. ವ್ಯಾಪಾರ ಸರ್ಕಾರದ ಕೈ ಕಟ್ಟಿತು, ಅಷ್ಟೇ. ಸೆಮಿನಾರಿನಲ್ಲಿ ಇದನ್ನು ದಯವಿಟ್ಟು ಹೇಳಿ.

ಬಸವನಗುಡಿ ಓದುಗ:
ಹಾಗಾದರೆ ಮ್ಯಾನ್ಮಾರ್? 2021ರ ಫೆಬ್ರವರಿ 1ಕ್ಕೆ ಸೇನೆ ಅಧಿಕಾರ ಕಿತ್ತುಕೊಂಡಿತು. ಡಾಕ್ಟರುಗಳು, ಮೇಷ್ಟ್ರುಗಳು, ರೈಲ್ವೆ ನೌಕರರು ಕೆಲಸ ಬಿಟ್ಟು ಹೊರಬಂದರು. ಆದರೂ ಸೇನೆ ಬೀಳಲಿಲ್ಲ. ಅದಕ್ಕೆ ಡಾಲರ್ ತರುವುದು ಥಾಯ್ಲೆಂಡಿಗೂ ಚೀನಾಕ್ಕೂ ಕೊಳವೆಯಲ್ಲಿ ಹೋಗುವ ಗ್ಯಾಸ್. ಫ್ರಾನ್ಸಿನ ಟೋಟಲ್ ಎನರ್ಜೀಸ್ 2022ರಲ್ಲಿ ಯಾಡಾನಾ ಗ್ಯಾಸ್ ಯೋಜನೆಯಿಂದ ಹೊರಬಂತು. ಥಾಯ್ಲೆಂಡಿನ ಕಂಪನಿ ಅದನ್ನು ವಹಿಸಿಕೊಂಡಿತು. ಗ್ಯಾಸ್ ಹರಿಯುತ್ತಲೇ ಇತ್ತು.

ಪೀಣ್ಯ ಅಕ್ಕ:
ಒಪ್ಪಿದೆ ಸರ್. ಅಂಗಿ ಹೊಲಿಯಲು ಲಕ್ಷಾಂತರ ಹೆಣ್ಣುಮಕ್ಕಳು ದಿನಾ ಮಷಿನ್ ಮುಂದೆ ಕೂರಬೇಕು. ಗ್ಯಾಸಿಗೆ ಅಷ್ಟು ಜನ ಬೇಡ, ಅಲ್ವಾ? ಅಂಥ ಸರ್ಕಾರಕ್ಕೆ ತನ್ನ ಜನರ ಹಂಗೇ ಇಲ್ಲ.

ಜ್ಞಾನಭಾರತಿ ಹುಡುಗ:
ಅಕ್ಕಾ, ತರಿಸಿಕೊಳ್ಳುವ ಸರಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದಾ? ಬರ ಬಂತೆಂದು ರಷ್ಯಾ 2010ರ ಆಗಸ್ಟ್‌ನಲ್ಲಿ ಗೋಧಿ ರಫ್ತು ನಿಲ್ಲಿಸಿತ್ತು. ಈಜಿಪ್ಟ್ ಜಾಸ್ತಿ ಗೋಧಿ ತರಿಸುತ್ತಿದ್ದದ್ದು ಅಲ್ಲಿಂದಲೇ.

ಪೀಣ್ಯ ಅಕ್ಕ:
ಖಂಡಿತ ಸೇರಿಸಿ. ತಹ್ರೀರ್‌ನಲ್ಲಿ ಜನ ಕೂಗಿದ್ದು ‘ರೊಟ್ಟಿ, ಸ್ವಾತಂತ್ರ್ಯ, ಸಾಮಾಜಿಕ ನ್ಯಾಯ’ ಅಂತ. ಜೊತೆಗೆ 2022ರ ಶ್ರೀಲಂಕಾ ನೋಡಿ. ಡಾಲರ್ ಖಾಲಿಯಾಗಿ ಪೆಟ್ರೋಲ್, ಔಷಧಿ ತರಿಸಲು ಆಗಲಿಲ್ಲ. ಜನ ಎದ್ದು ಓಡಿಸಿದ ಅಧ್ಯಕ್ಷ ಗೊಟಬಯ ರಾಜಪಕ್ಸ ಚುನಾವಣೆಯಲ್ಲಿ ಗೆದ್ದು ಬಂದವರು, ಹಾಗಾಗಿ ಅದನ್ನು ಬೇರೆಯೇ ಇಟ್ಟು ಬರೆಯಿರಿ.